ಹೊಟ್ಟೆಗೆ ಹಾಕ್ಕೊಂಡ್ರಾ, ಇಲ್ಲಾ ಇನ್ನೂ ಗಂಟಲಲ್ಲೇ ಇದೆಯಾ?

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರದು. ನಿಮ್ಮ ಚಿಕ್ಕಪ್ಪನ ಮಗಳ ಮದುವೇಲಿ ನಿಮ್ಮನ್ನ ಮೂರನೇ ಪಂಕ್ತಿಗೆ ಕೂರಿಸಿದ್ರಲ್ಲ, ಅಷ್ಟೊತ್ತಿಗೆ ಹೋಳಿಗೆ ಮುಗಿದು ಬರೀ ಬೂಂದಿ ಬಂತಲ್ಲ, ಅದು ಯಾವ ವರ್ಷ? ನೋಡಿ ನೋಡಿ, ತಿಂಗಳ ಸಮೇತ ನೆನಪಿಗೆ ಬಂತು! (ನಿಮ್ಮದೇ ಮದುವೆ ದಿನ ಮಾತ್ರ ಫೇಸ್‌ಬುಕ್ ನೆನಪಿಸಬೇಕು.)

‘ಅಯ್ಯೋ, ಅದನ್ನೆಲ್ಲ ನಾನು ಅವತ್ತೇ ಮರೆತೆ ಕಣ್ರೀ’ ಅಂತೀರಿ. ಮರೆತವರು ಯಾರಾದ್ರೂ ‘ಅದನ್ನೆಲ್ಲ’ ಅಂತಾರೇನ್ರಿ? ನಿಜವಾಗ್ಲೂ ಮರೆತಿದ್ರೆ ‘ಯಾವ ಮದುವೆ?’ ಅನ್ನಬೇಕಿತ್ತು. ಸಿಕ್ಕಿಬಿದ್ರಿ ತಾನೇ?

ತಲೆ ಕೆಡಿಸ್ಕೋಬೇಡಿ, ನಾನೂ ಅದೇ ಮೂರನೇ ಪಂಕ್ತಿಯವಳು. ನಮ್ಮದು ಮಲೇಬೆನ್ನೂರು ಕಡೆ. ಹರಿಹರದ ಹತ್ರ, ಭದ್ರಾ ನಾಲೆ, ಭತ್ತದ ಗದ್ದೆ, ಮಂಡಕ್ಕಿ-ಮಿರ್ಚಿ. ನಮ್ಮನೆಯವರ ಟ್ರಾನ್ಸ್‌ಫರ್ ಬಾಲ ಹಿಡ್ಕೊಂಡು ಬಂದು ಬಿದ್ದದ್ದು ವಿಶಾಖಪಟ್ಟಣದ ಪೆಂಡುರ್ತಿಗೆ. ನೀವು ಅರಕು ಟೂರಿಗೆ ಹೋಗಿದ್ರೆ ನಮ್ಮೂರು ನೋಡೇ ಇರ್ತೀರಿ. ಕಾರಿನ ಕಿಟಕೀಲಿ ‘ಇದ್ಯಾವೂರೋ, ಎಷ್ಟು ಟ್ರಾಫಿಕ್ಕೋ’ ಅಂದ್ಕೊಂಡು ಮುಖ ತಿರುಗಿಸಿದ್ರಲ್ಲ, ಅದೇ.

ಎದುರು ಮನೇಲಿ ಒಬ್ಬ ಆಂಟಿ. ತುಂಬಾ ಒಳ್ಳೆಯವರು ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಸಂಕ್ರಾಂತಿಗೆ ಸ್ಟೀಲ್ ಡಬ್ಬಿ ತುಂಬ ಅರಿಸೆಲು ಕಳಿಸಿದ್ರು (ನಮ್ಮ ಕಜ್ಜಾಯವೇ, ತುಪ್ಪ ಎರಡು ಪಾಲು ಜಾಸ್ತಿ). ನಾನೂ ಏನು ಕಮ್ಮಿ? ಡಬ್ಬಿ ತಿಕ್ಕಿ ತೊಳೆದು, ಒಣಬಟ್ಟೇಲಿ ಒರೆಸಿ, ಫಳಫಳ ಅನ್ನೋ ಹಾಗೆ ಮಾಡಿ ಮಾರನೇ ದಿನವೇ ವಾಪಸ್ ಕೊಟ್ಟೆ. ಬೇರೆಯವರ ಪಾತ್ರೆ ಇಟ್ಕೊಳ್ಳೋ ಮನೆತನ ಅಲ್ಲ ನಮ್ಮದು.

ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಬೆಳಿಗ್ಗೆ ಬಾಗಿಲು ತೆಗೀತೀನಿ, ಊರಿಂದ ಮಡಿಲಲ್ಲಿ ಇಟ್ಕೊಂಡು ರೈಲಲ್ಲಿ ತಂದಿದ್ದ ನನ್ನ ತುಳಸಿ ಕುಂಡ ನಾಲ್ಕು ಹೋಳು! ಮಣ್ಣೆಲ್ಲ ರಸ್ತೆಗೆ, ಗಿಡ ಬುಡಮೇಲು. ದೊಡ್ಡ ಚೂರಿನ ಅಂಚಿಗೆ ಉಗುರಗಲ ನೀಲಿ ಪೇಂಟು ಹತ್ತಿತ್ತು. ಎದುರುಮನೆ ಆಂಟಿ ಸ್ಕೂಟರಿನ ಬಣ್ಣ ಯಾವುದು ಹೇಳಿ ನೋಡೋಣ?

ಈಗ ನೀವಾಗಿದ್ರೆ ಏನ್ ಮಾಡ್ತಿದ್ರಿ? ನೇರ ಹೋಗಿ ‘ಏನ್ರೀ ಇದು’ ಅಂತ ಕೇಳ್ತಿದ್ರಾ? ಸುಳ್ಳು ಹೇಳಬೇಡಿ. ನಾನು ಏನು ಮಾಡಿದೆನೋ ನೀವೂ ಅದನ್ನೇ ಮಾಡ್ತಿದ್ರಿ. ಮೂರು ಚೂರು ಎಸೆದೆ, ನೀಲಿ ಹತ್ತಿದ ಚೂರು ಮಾತ್ರ ತೊಳೆದು ಒಳಗೆ ತಂದಿಟ್ಟೆ. (ಸಾಕ್ಷಿ ಬೇಕಲ್ಲ.) ಮತ್ತೆ ಅವರು ‘ಬಾಗುನ್ನಾರಾ?’ ಅಂದಾಗಲೆಲ್ಲ ಹಲ್ಲು ಕಾಣದ ಹಾಗೆ ನಗೋಕೆ ಶುರು ಮಾಡಿದೆ. ಆ ನಗೆ ನಿಮಗೂ ಬರುತ್ತೆ, ನಾನು ನೋಡಿದ್ದೀನಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ‘ಹೋಗ್ಲಿ ಬಿಡೇ, ಹೊಟ್ಟೆಗೆ ಹಾಕ್ಕೋ’ ಅಂದ್ಲು. ನೋಡಿ, ನಮ್ಮ ಕನ್ನಡದಲ್ಲಿ ಕ್ಷಮೆ ಅನ್ನೋದು ಹೊಟ್ಟೆಯ ಕೆಲಸ. ಸಂಸ್ಕೃತದವರಿಗೆ ಅದು ಭೂಮಿ. ಕ್ಷಮಾ ಅಂದ್ರೆ ನೆಲ ಅಂತಲೂ ಅರ್ಥ, ತುಳಿದ್ರೂ ಸುಮ್ಮನಿರುತ್ತೆ. ನಮಗೆ ಅಷ್ಟು ದೊಡ್ಡದೆಲ್ಲ ಬೇಡ. ಒಬ್ಬರ ತಪ್ಪು ಬಂತಾ, ಹಪ್ಪಳದ ಹಾಗೆ ಮುರಿದು ಬಾಯಿಗೆ ಹಾಕು, ನುಂಗು, ನೀರು ಕುಡಿ.

ಆದ್ರೆ ನಮ್ಮ ಹಿರಿಯರು ‘ಹೊಟ್ಟೆಗೆ ಹಾಕ್ಕೋ’ ಅಂತ ಹೇಳಿ ನಿಲ್ಲಿಸಿಬಿಟ್ರು. ಜೀರ್ಣ ಮಾಡ್ಕೋ ಅಂತ ಹೇಳಲಿಲ್ಲ! ಅಲ್ಲೇ ಎಡವಟ್ಟಾಗಿದ್ದು. ನುಂಗಿದ್ದೆಲ್ಲ ಅಲ್ಲೇ ಕೂತಿರುತ್ತೆ. ಯುಗಾದಿಗೊಂದು, ಗೌರಿ ಹಬ್ಬಕ್ಕೊಂದು, ಗೃಹಪ್ರವೇಶಕ್ಕೊಂದು ಹುಳಿತೇಗು. ‘ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲಪ್ಪ’ ಅಂತೀರಿ. ನಿಜವೇ, ಮನಸ್ಸಲ್ಲಿ ಇಲ್ಲ. ಇರೋದು ಒಂದು ಗೇಣು ಕೆಳಗೆ.

ಇನ್ನು ಕ್ಷಮೆ ಕೇಳೋ ವಿಷಯದಲ್ಲಿ ನೀವೇನು ಸಾಮಾನ್ಯರಾ! ಸಂಘದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನಿಂತ್ರೆ ‘ತಿಳಿದೋ ತಿಳಿಯದೆಯೋ ಏನಾದ್ರೂ ತಪ್ಪಾಗಿದ್ರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು’ ಅಂತ ಐನೂರು ಜನಕ್ಕೆ ಒಂದೇ ಉಸಿರಲ್ಲಿ ಕೇಳ್ತೀರಿ. ಮನೇಲಿ ಹೆಂಡತಿ ಒಬ್ಬಳ ಹತ್ರ ‘ತಪ್ಪಾಯ್ತು’ ಅನ್ನೋ ಮೂರಕ್ಷರಕ್ಕೆ ಗಂಟಲು ಕಟ್ಟುತ್ತೆ. ‘ಆಗಿದ್ರೆ’ ಅನ್ನೋ ಆ ಪದ ಇದೆಯಲ್ಲ, ಅದೊಂದು ಒಳ್ಳೇ ಛತ್ರಿ. ಮಳೆ ಬಂದಿದ್ರೆ ನೆನೆದಿರಬಹುದು ಅಂದ ಹಾಗೆ.

ಜೈನರ ದಶಲಕ್ಷಣ ಪರ್ವ ಶುರುವಾಗೋದೇ ಉತ್ತಮ ಕ್ಷಮೆಯಿಂದ, ಪರ್ವ ಮುಗಿದ ಮೇಲೆ ಕ್ಷಮಾವಣಿ. ಒಬ್ಬೊಬ್ಬರ ಎದುರೂ ನಿಂತು ಕೇಳೋ ಪದ್ಧತಿ ಅದು. ಎಷ್ಟು ಕಷ್ಟ ಯೋಚಿಸಿ. ಈಗ ಅದನ್ನೂ ನಾವು ವಾಟ್ಸಾಪಿಗೆ ತಂದಿದ್ದೀವಿ. ಕಮಲದ ಹೂವಿನ ಚಿತ್ರ, ಕೈಮುಗಿದ ಎಮೋಜಿ, ಇನ್ನೂರು ಜನಕ್ಕೆ ಫಾರ್ವರ್ಡು. ಯಾರ ಹತ್ರ ನಿಜವಾಗ್ಲೂ ಜಗಳ ಆಡಿದ್ದೀವೋ ಅವರು ಮಾತ್ರ ಆ ಪಟ್ಟೀಲಿ ಇರಲ್ಲ. (ಬ್ಲಾಕ್ ಮಾಡಿದ್ದೀವಲ್ಲ, ಹೆಂಗೆ ಹೋಗುತ್ತೆ ಪಾಪ.)

ಸರ್ಕಾರವೇ ವಾಸಿ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಬಿಟ್ಟಿದ್ರು, ನೆನಪಿದೆಯಾ? 11ನೇ ತಾರೀಕು ಗಡುವು. ಬೆಂಗಳೂರಿನ ನಮ್ಮ ಭಾವನವರು ಸೀರೆ ಸೇಲಿಗೆ ಹೋಗೋ ಹುರುಪಲ್ಲಿ ಹೋಗಿ ಕಟ್ಟಿಬಂದ್ರು. ‘ಅರ್ಧಕ್ಕರ್ಧ ಉಳಿತು ಕಣೇ’ ಅಂತ ಹೋಳಿಗೆ ಬೇರೆ ಮಾಡಿಸಿದ್ರು. ಸಿಗ್ನಲ್ ಹಾರಿದ್ದೇ ಲಾಭ ಅನ್ನೋ ಹಾಗೆ! ಅರ್ಧ ಕ್ಷಮೆ ಅಂದ್ರೆ ನಮ್ಮ ಜನಕ್ಕೆ ಎಷ್ಟು ಖುಷಿ ನೋಡಿ. ಪೂರ್ತಿ ಕ್ಷಮಿಸಿದ್ರೆ ಏನೋ ಅನುಮಾನ ಬರುತ್ತೆ.

ಇರಲಿ, ನನ್ನ ಚೂರಿನ ಕತೆಗೆ ಬರ್ತೀನಿ. ಪೆಂಡುರ್ತಿಗೆ ಬಂದವಳು ಸಿಂಹಾಚಲಕ್ಕೆ ಹೋಗದೇ ಇರೋಕಾಗುತ್ತಾ? ವೇಪಗುಂಟ ಕಡೆಯಿಂದ ಆಟೋ ಹತ್ತಿದ್ರೆ ಬೆಟ್ಟದ ಬುಡ. ಅಲ್ಲಿರೋದು ವರಾಹ ಲಕ್ಷ್ಮೀನರಸಿಂಹ. ಇಲ್ಲಿಯವರ ಬಾಯಲ್ಲಿ ಮಾತ್ರ ಸಿಂಹಾದ್ರಿ ಅಪ್ಪಣ್ಣ. ನನಗಂತೂ ಕೇಳಿದ ಕೂಡಲೇ ನಮ್ಮೂರ ಕಿರಾಣಿ ಅಂಗಡಿ ಅಪ್ಪಣ್ಣ ಕಣ್ಮುಂದೆ ಬಂದು, ದೇವರ ಮೇಲೆ ಸಲಿಗೆ ಜಾಸ್ತಿಯಾಯ್ತು.

ಈ ಅಪ್ಪಣ್ಣನ ವಿಶೇಷ ಏನು ಗೊತ್ತಾ? ವರ್ಷವಿಡೀ ಮೈತುಂಬ ಗಂಧ. ಮುಖ ಕಾಣಲ್ಲ, ಕೈ ಕಾಣಲ್ಲ, ನೋಡಿದ್ರೆ ಲಿಂಗದ ಹಾಗೆ ಕಾಣುತ್ತೆ. ಉಗ್ರ ನರಸಿಂಹ ತಣ್ಣಗಿರಲಿ ಅಂತ ಈ ಏರ್ಪಾಟು ಅಂತಾರೆ. ಅಕ್ಷಯ ತದಿಗೆ ದಿನ ಒಂದೇ ಒಂದು ದಿನ ಗಂಧ ತೆಗೆದು ನಿಜರೂಪ ದರ್ಶನ, ಆಮೇಲೆ ಮತ್ತೆ ಗಂಧ. (ಅದೇ ದಿನ ನೀವು ಎಲ್ಲಿರ್ತೀರಿ? ಚಿನ್ನದ ಅಂಗಡಿ ಕ್ಯೂನಲ್ಲಿ. ಅಲ್ಲಿ ದೇವರು ಮೈಮೇಲಿಂದು ತೆಗೀತಾನೆ, ಇಲ್ಲಿ ನೀವು ಹಾಕ್ಕೊಳ್ತೀರಿ.)

ನಾವೂ ಹಾಗೇ ಅಲ್ವಾ? ವರ್ಷವೆಲ್ಲ ಗಂಧ ಬಳ್ಕೊಂಡು ತಣ್ಣಗೆ ‘ಚೆನ್ನಾಗಿದ್ದೀರಾ, ಊಟ ಆಯ್ತಾ’. ನಮ್ಮ ನಿಜರೂಪ ದರ್ಶನಕ್ಕೂ ಒಂದು ದಿನ ಇದೆ. ಆಸ್ತಿ ಪಾಲಿನ ದಿನ. ಅವತ್ತು ಟಿಕೆಟ್ ಇಲ್ಲದೇ ಬೀದಿಯವರೆಲ್ಲ ದರ್ಶನ ಮಾಡ್ತಾರೆ.

ಈ ಬೆಟ್ಟದ ಸ್ಥಳಪುರಾಣದ ಪ್ರಕಾರ ಹಿರಣ್ಯಕಶಿಪು ಮಗನನ್ನ ತಳ್ಳಿಸಿದ್ದು ಇಲ್ಲೇ. ಬೆಂಕಿ, ಆನೆ, ವಿಷ ಎಲ್ಲ ಆದ ಮೇಲೆ ಬೆಟ್ಟ. ಅಂಥ ಅಪ್ಪ ಸತ್ತ ಮೇಲೆ ದೇವರು ‘ವರ ಕೇಳು’ ಅಂದ್ರೆ, ಪ್ರಹ್ಲಾದ ಕೇಳಿದ್ದು ನಮ್ಮಪ್ಪನ ತಪ್ಪು ಮನ್ನಿಸಿ ಅಂತ! ನಿನ್ನಂಥ ಮಗ ಹುಟ್ಟಿದ್ದಕ್ಕೇ 21 ತಲೆಮಾರು ಶುದ್ಧವಾಯ್ತು ಬಿಡು ಅಂದನಂತೆ ದೇವರು. ನಿಮಗೆ ವರ ಕೊಟ್ಟಿದ್ರೆ? ‘ಮೂಲೆ ಸೈಟು ತಮ್ಮನಿಗೇ ಯಾಕೆ ಬರೆದ್ರು, ಮೊದಲು ಅದನ್ನ ಕೇಳಿ ಸ್ವಾಮಿ’ ಅಂತಿದ್ರಿ. ಹೌದೋ ಅಲ್ವೋ?

ಆದ್ರೆ ನನಗೆ ಬೇಕಾದವನು ಪ್ರಹ್ಲಾದ ಅಲ್ಲ, ಅವನು ತೀರಾ ಒಳ್ಳೆಯವನು. ನಮ್ಮ ಥರದವನು ಇನ್ನೊಬ್ಬ ಇಲ್ಲಿಗೆ ಬಂದಿದ್ದ. ನಮ್ಮ ಕಡೆಯವನೇ. ಕನ್ನಡರಾಜ್ಯರಮಾರಮಣ ಅನ್ನೋ ಬಿರುದಿನ ಕೃಷ್ಣದೇವರಾಯ! ಒಡಿಶಾದ ಪ್ರತಾಪರುದ್ರ ಗಜಪತಿ ಮೇಲೆ ಏರಿ ಹೋದವನು, ಉದಯಗಿರಿ ಆಯ್ತು, 1515ರಲ್ಲಿ ಕೊಂಡವೀಡು ಆಯ್ತು, ವಿಜಯವಾಡದ ಪಕ್ಕದ ಕೊಂಡಪಲ್ಲಿ ಆಯ್ತು, 1516ಕ್ಕೆ ಸಿಂಹಾಚಲಕ್ಕೇ ಬಂದ. 1519ರಲ್ಲಿ ಇನ್ನೊಂದು ಸಲ. ಎರಡಕ್ಕೂ ಗುಡೀಲಿ ಶಾಸನ ಇದೆ.

ಶತ್ರುವಿನ ಸೀಮೆ, ಶತ್ರುವಿನ ದೇವರು. ಆದ್ರೂ ಅಪ್ಪಣ್ಣನಿಗೆ ಮುತ್ತಿನ ಹಾರ ಕೊಟ್ಟ. ಎಷ್ಟು ಮುತ್ತು? 991. ಶಾಸನದಲ್ಲೇ ಎಣಿಸಿ ಕೆತ್ತಿಸಿದ್ದಾನೆ. (ಇನ್ನೊಂದು ಒಂಬತ್ತು ಹಾಕಿದ್ರೆ ಸಾವಿರ ಆಗ್ತಿತ್ತು ಮಹಾರಾಯ! ನಮ್ಮತ್ತೆ ಆಗಿದ್ರೆ ಇದನ್ನೇ ಹಿಡ್ಕೊಂಡು ಹತ್ತು ವರ್ಷ ಆಡೋರು.)

ಅಷ್ಟೆಲ್ಲ ಗೆದ್ದ ಮೇಲೆ ಏನಾಯ್ತು ಅಂತೀರಿ? ಒಪ್ಪಂದ. ಗಜಪತಿ ಮಗಳನ್ನ ಕೊಟ್ಟ, ರಾಯ ಕೃಷ್ಣಾ ನದಿಯಿಂದ ಉತ್ತರಕ್ಕೆ ಗೆದ್ದಿದ್ದನ್ನೆಲ್ಲ ವಾಪಸ್ ಬಿಟ್ಟ. ನಾವು ಬೀಗರನ್ನ ಶತ್ರು ಮಾಡ್ಕೊಳ್ತೀವಿ, ಅವನು ಶತ್ರುವನ್ನೇ ಬೀಗ ಮಾಡ್ಕೊಂಡ. ಎಂಥಾ ದೊಡ್ಡ ಮನಸ್ಸು, ಎಂಥಾ ಕ್ಷಮೆ ಅಂತ ಕಣ್ಣೀರು ಹಾಕೋ ಮುಂಚೆ ಸ್ವಲ್ಪ ತಡೀರಿ. ಇದೇ ಸೀಮೆಯ ಪೊಟ್ನೂರಲ್ಲಿ ಒಂದು ಜಯಸ್ತಂಭ ನಿಲ್ಲಿಸಿದ್ದನಲ್ಲ? ಜಾಗ ವಾಪಸ್ ಕೊಟ್ಟ. ಕಂಬ ಕೀಳಿಸಿದ ಅಂತ ಮಾತ್ರ ನಾನೆಲ್ಲೂ ಓದಿಲ್ಲ.

ಅದನ್ನ ಓದಿದ ದಿನ ನನಗೆ ಎಷ್ಟು ಸಮಾಧಾನ ಆಯ್ತು ಅಂತೀರಿ! ಅಷ್ಟು ದೊಡ್ಡ ಚಕ್ರವರ್ತಿಯೇ ಜಾಗ ಬಿಟ್ಟು ಕಂಬ ಬಿಡಲಿಲ್ಲ ಅಂದ್ಮೇಲೆ ನಾನೊಂದು ಕುಂಡದ ಚೂರು ಇಟ್ಕೊಂಡ್ರೆ ಏನು ಮಹಾ? ನಿಮ್ಮನೇಲೂ ಇದೆ ಒಂದು ಕಂಬ. ನಾದಿನಿ ಹತ್ರ ರಾಜಿಯಾಗಿದ್ದೀರಿ, ಸರಿ. ಅವಳು ಮೂರು ವರ್ಷದ ಹಿಂದೆ ಕಳಿಸಿದ ಆ ವಾಯ್ಸ್ ಮೆಸೇಜು ಇನ್ನೂ ಯಾಕ್ರೀ ಫೋನಲ್ಲಿದೆ? ಸ್ಟಾರ್ ಬೇರೆ ಹಾಕಿಟ್ಟಿದ್ದೀರಿ! ಮೆಮೊರಿ ಫುಲ್ ಆಯ್ತು ಅಂತ ಮಗುವಿನ ಫೋಟೋ ಡಿಲೀಟ್ ಮಾಡ್ತೀರಿ, ಅದೊಂದನ್ನ ಮುಟ್ಟಲ್ಲ.

ಕತೆ ಇನ್ನೂ ಇದೆ, ಅದೂ ನಮ್ಮೂರದ್ದು. ಕೊಂಡವೀಡಲ್ಲಿ ಗಜಪತಿ ಮಗ ವೀರಭದ್ರ ಸೆರೆ ಸಿಕ್ಕಿದ್ದ. ಅವನನ್ನ ರಾಯ ಏನು ಮಾಡಿದ? ನಮ್ಮ ಮಲೇಬೆನ್ನೂರು ಸೀಮೆಗೆ ಅಧಿಕಾರಿ ಮಾಡಿ ಕಳಿಸಿದ! ನಾನು ತಮಾಷೆ ಮಾಡ್ತಿಲ್ಲ, ದಾವಣಗೆರೆ ಕಡೆಯ 1516ರ ಶಾಸನ ಇದೆ. ಆ ಹುಡುಗ ತನ್ನಪ್ಪನಿಗೂ ರಾಯನಿಗೂ ಪುಣ್ಯ ಬರಲಿ ಅಂತ ಸೀಮೆಯ ಮದುವೆ ತೆರಿಗೆ ಮನ್ನಾ ಮಾಡಿದ. ಹೊಡೆದಾಡ್ಕೊಂಡ ಇಬ್ಬರಿಗೂ ಒಂದೇ ಕಲ್ಲಲ್ಲಿ ಪುಣ್ಯ. ಅಲ್ಲಿಯವನು ನಮ್ಮೂರಿಗೆ, ಐನೂರು ವರ್ಷದ ಮೇಲೆ ನಾನು ಅಲ್ಲಿಗೆ. ಲೆಕ್ಕ ಚುಕ್ತಾ!

(ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿರೋದೇ ಬೇರೆ. ಕತ್ತಿವರಸೆ ತೋರಿಸು ಅಂತ ಕರೆಸಿ, ತನಗೆ ಸರಿಸಮ ಅಲ್ಲದವನ ಎದುರು ನಿಲ್ಲಿಸಿದ್ರು ಅಂತ ಗಜಪತಿ ಮಗ ಅವಮಾನಕ್ಕೆ ಪ್ರಾಣ ಬಿಟ್ಟ ಅಂತಾನೆ. ಕಲ್ಲೊಂದು ಹೇಳುತ್ತೆ, ಕಾಗದ ಒಂದು ಹೇಳುತ್ತೆ. ಮಲೇಬೆನ್ನೂರವಳು ನಾನು, ಕಲ್ಲಿನ ಕಡೆ. ಆದ್ರೂ ಕ್ಷಮಿಸಿದವನು ‘ನೋಡು, ನಿನ್ನನ್ನ ಬಿಟ್ಟಿದ್ದೀನಿ’ ಅಂತ ದಿನಾ ನೆನಪಿಸಿದ್ರೆ ಬದುಕೋದು ಕಷ್ಟವೇ ಬಿಡಿ.)

ಇಷ್ಟೆಲ್ಲ ತಲೇಲಿ ತುಂಬ್ಕೊಂಡು ಅಕ್ಷಯ ತದಿಗೆ ದಿನ ಬೆಟ್ಟದಲ್ಲಿ ಕ್ಯೂ ನಿಂತಿದ್ದೆ. ಸಂಪಿಗೆ ವಾಸನೆ, ಹೆಚ್ಚಿದ ಅನಾನಸ್ ವಾಸನೆ, ಮುಂದಿನವರ ಬೆವರು. ಎದುರುಮನೆ ಮೇಲಿನ ಸಿಟ್ಟಿಗೆ ಎರಡು ತಿಂಗಳಾಗ್ತಾ ಬಂದಿತ್ತು. ಗುಡೀಲಿ ಕಪ್ಪಸ್ತಂಭ ಅಂತ ಒಂದು ಕಂಬ ಇದೆ, ಅದನ್ನ ತಬ್ಬಿಕೊಂಡು ಬೇಡಿಕೊಂಡ್ರೆ ನೆರವೇರುತ್ತೆ ಅಂತಾರೆ. ಕಪ್ಪ ಅಂದ್ರೆ ನಮ್ಮ ಕಪ್ಪ-ಕಾಣಿಕೆಯ ಕಪ್ಪವೇ. ನಮ್ಮ ಕರಾವಳಿಯವರು ತಪ್ಪುಕಾಣಿಕೆ ಹಾಕ್ತಾರಲ್ಲ, ನನಗೆ ಅದು ನೆನಪಾಯ್ತು. (ಪಕ್ಕದ ಮನೆಗೆ ಹೋಗಿ ‘ತಪ್ಪಾಯ್ತು’ ಅನ್ನೋಕಿಂತ ಹುಂಡಿಗೆ ನೂರು ರೂಪಾಯಿ ಹಾಕೋದು ಎಷ್ಟೋ ಸುಲಭ ಅಂತ ನಿಮಗೂ ಗೊತ್ತು, ದೇವರಿಗೂ ಗೊತ್ತು.)

ಕಪ್ಪಸ್ತಂಭ ತಬ್ಬಿಕೊಂಡೇ ತೀರ್ಮಾನ ಮಾಡಿದೆ. ಆಂಟಿಯನ್ನ ಕ್ಷಮಿಸಿಬಿಡೋದು! ಆಹಾ, ಆ ಹೊತ್ತಿಗೆ ನನ್ನ ಎದೆ ಎಷ್ಟು ಅಗಲ ಆಯ್ತು ಅಂದ್ರೆ, ಹಿಂದಿನವರು ‘ಜರಗಂಡಿ, ಜರಗಂಡಿ’ ಅಂತ ತಳ್ಳಬೇಕಾಯ್ತು. ದಾರಿಯುದ್ದಕ್ಕೂ ತೆಲುಗಲ್ಲಿ ಪ್ರಾಕ್ಟೀಸು. ನಮ್ಮ ‘ಮನ್ನಿಸು’ ಅವರಲ್ಲಿ ‘ಮನ್ನಿಂಚು’, ಸುಲಭ ಇದೆ. ‘ಮಿಮ್ಮಲ್ನಿ ಮನ್ನಿಂಚಾನು’. ನಿಮ್ಮನ್ನ ಕ್ಷಮಿಸಿದ್ದೀನಿ. ಆಟೋದವನು ಕನ್ನಡೀಲಿ ಎರಡು ಸಲ ನೋಡಿದ.

ಊರಿಂದ ಬಂದಿದ್ದ ಖಾರ ಮಂಡಕ್ಕಿ ಒಂದು ಡಬ್ಬಿಗೆ ತುಂಬಿದೆ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ‘ಬಂಗಾರದಂಗೆ ಇರೋಣ’ ಅಂತೀವಲ್ಲ, ಹಂಗೆ. ಬನ್ನಿ ಕೊಡೋವಾಗ ಒಂದು ಅನುಕೂಲ ಇದೆ, ಗಮನಿಸಿದ್ದೀರಾ? ಯಾರು ಯಾರನ್ನ ಕ್ಷಮಿಸ್ತಿದ್ದಾರೆ ಅಂತ ಹೇಳೋ ಹಂಗಿಲ್ಲ. ಎಲೆ ಕೊಡು, ಎಲೆ ತಗೋ, ಮುಗೀತು. ನಾನು ಆ ಜಾಣತನ ಬಿಟ್ಟು ಭಾಷಣ ಮಾಡೋಕೆ ಹೊರಟಿದ್ದೆ.

ಬಾಗಿಲು ತಟ್ಟಿದೆ. ಆಂಟಿ ಕೈಯಲ್ಲಿ ಸೌಟು ಹಿಡ್ಕೊಂಡೇ ಬಂದ್ರು. ನನ್ನ ಎದೆ ಡವಡವ. ಮಿಮ್ಮಲ್ನಿಯೂ ಇಲ್ಲ, ಮನ್ನಿಂಚಾನೂ ಇಲ್ಲ, ಬಾಯಿಂದ ಬಿದ್ದಿದ್ದು ‘ನನ್ನು ಮನ್ನಿಂಚಂಡಿ’. ಅಂದ್ರೆ? ನನ್ನನ್ನ ಕ್ಷಮಿಸಿ! ಎರಡು ತಿಂಗಳ ತಪಸ್ಸು ಒಂದು ಸರ್ವನಾಮಕ್ಕೆ ಹೋಯ್ತು.

ಅವರು ಒಂದು ನಿಮಿಷ ನನ್ನ ಮುಖ ನೋಡಿದ್ರು. ಆಮೇಲೆ ಕಣ್ಣಲ್ಲಿ ನೀರು ತುಂಬ್ಕೊಂಡು ನನ್ನ ಕೈ ಹಿಡ್ಕೊಂಡು, ‘ಅಯ್ಯೋ, ಪರವಾಲೇದಂಡಿ! ಆ ಡಬ್ಬಾ ಸಂಗತಿ ನೇನು ಎಪ್ಪುಡೋ ಮರ್ಚಿಪೋಯಾನು’ ಅಂದ್ರು. ಪರವಾಗಿಲ್ಲ, ಆ ಡಬ್ಬಿ ವಿಷಯ ಯಾವಾಗಲೋ ಮರೆತೆ ಅಂತ. ಯಾವ ಡಬ್ಬಿ? ನಾನು ಕಣ್ಣು ಕಣ್ಣು ಬಿಟ್ಟೆ. ನಿಮಗೆ ಆಗಲೇ ಗೊತ್ತಾಗಿದೆ, ಅಲ್ವಾ? ಓದೋವಾಗಲೇ ‘ಅಯ್ಯೋ ಖಾಲಿ ಕೊಟ್ಟಳಾ!’ ಅಂದ್ಕೊಂಡ್ರಿ. ನನಗೆ ಹೇಳೋಕೇನಾಗಿತ್ತು?

ಫಳಫಳ ಅನ್ನೋ ಆ ಡಬ್ಬಿ ಖಾಲಿ! ತುಂಬಿ ಬಂದ ಪಾತ್ರೆ ಬರಿದಾಗಿ ಕಳಿಸಬಾರದು ಅಂತ ನಮ್ಮಜ್ಜಿ ಒಂದು ಚಮಚ ಸಕ್ಕರೆಯಾದ್ರೂ ಹಾಕಿ ಕೊಡೋಳು. ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಸಂಕ್ರಾಂತಿಯ ಆ ಖಾಲಿ ಡಬ್ಬೀನ ಅವರು ಅವತ್ತಿಂದ ಹೊಟ್ಟೆಗೆ ಹಾಕ್ಕೊಂಡು ಕೂತಿದ್ರು. ನನಗಿಂತ ಒಂದು ತಿಂಗಳು ಸೀನಿಯರ್ ಸಿಟ್ಟು! (ಮತ್ತೆ, ಮರೆತವರು ಯಾರಾದ್ರೂ ‘ಆ ಡಬ್ಬಾ’ ಅಂತಾರೇನ್ರಿ?)

ಒಳಗೆ ಕೂರಿಸಿದ್ರು. ಪುಳಿಹೊರ ಹಾಕಿಕೊಟ್ರು. ಅರ್ಧ ತಿಂದಿರಬೇಕು, ‘ಮೀ ತುಳಸಿ ಕನಪಡಟಂ ಲೇದೇಂಟಿ?’ ಅಂತ ಕೇಳಿದ್ರು. ನಿಮ್ಮ ತುಳಸಿ ಕಾಣ್ತಿಲ್ವಲ್ಲ? ತುತ್ತು ಗಂಟಲಲ್ಲೇ ನಿಂತ್ಬಿಡ್ತು. ನಾನು ಅವರ ಮುಖ ನೋಡಿದೆ. ಗೊತ್ತಿದ್ದು ಕೇಳ್ತಿದ್ದಾರೋ, ಗೊತ್ತಿಲ್ಲದೇನೋ? ಒಗ್ಗರಣೆಯ ಶೇಂಗಾ ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕ್ತಿದ್ರು. ‘ಪಿಲ್ಲಿ ಪಡೇಸಿಂದಾ?’ ಅಂತ ಅವರೇ ಸೇರಿಸಿದ್ರು. ಬೆಕ್ಕು ಕೆಡವಿತಾ ಅಂತ.

ಬಾಗಿಲಾಚೆ ಅವರ ಸ್ಕೂಟರು ಬಿಸಿಲಲ್ಲಿ ನಿಂತಿತ್ತು. ಹಿಂದಿನ ಮಡ್‌ಗಾರ್ಡಿನ ಹತ್ರ ಒಂದು ಕಡೆ ಬಣ್ಣ ಕಿತ್ತು ಬಂದಿತ್ತು. ಇಲ್ಲೇ ಇದೆ ನೋಡಿ ಅಂತ ಬೆರಳು ಮಾಡಿ ತೋರಿಸಬಹುದಿತ್ತು. ನೀವಾಗಿದ್ರೆ ತೋರಿಸ್ತಿದ್ರೇನೋ.

‘ಅವುನಂಡಿ, ಪಿಲ್ಲಿ’ ಅಂದೆ.

ಸಂಜೆ ಅವರ ಮೊಮ್ಮಗ ಬಂದು ಹಾಲಿನ ಪ್ಯಾಕೆಟ್ಟಲ್ಲಿ ಮಣ್ಣು ತುಂಬಿ ನೆಟ್ಟಿದ್ದ ಒಂದು ಪುಟ್ಟ ತುಳಸಿ ಕೊಟ್ಟು ಓಡಿಹೋದ. ಈಗ ಚಿಗುರಿದೆ. ಮಂಡಕ್ಕಿ ಡಬ್ಬಿಯೂ ಬಂತು, ಒಳಗೆ ಮೂರು ಅನಾನಸ್ ಹೋಳು.

ನಮ್ಮನೆಯವರು ಅದೇ ಖುಷೀಲಿ ಕುಂಡದ ಚೂರು ಕೈಗೆತ್ಕೊಂಡು ‘ಇದನ್ನ ಎಸೆದುಬಿಡ್ಲಾ?’ ಅಂದ್ರು. ‘ಬೇಡ, ಇರ್ಲಿ, ಗಾಳಿಗೆ ಬಾಗಿಲು ಹೊಡ್ಕೊಳ್ಳುತ್ತೆ, ಅಡ್ಡ ಇಡೋಕಾಗುತ್ತೆ’ ಅಂದೆ. ನಗಬೇಡ್ರಿ. ನೀಲಿ ಕಡೆ ಗೋಡೆಗೆ ಮಾಡಿ ಇಟ್ಟಿದ್ದೀನಿ.